ನಲವತ್ತು ಬಾಯಿ, ಒಂದೇ ತಂತಿ

೧೨ ಸೆಪ್ಟೆಂಬರ್ ೨೦೦೫

ವೆಂಕಟಗಿರಿ ಎಂಬ ಹೆಸರಿನ, ಮೂವತ್ತೈದು ವರ್ಷ ವಯಸ್ಸಿನ, ಬಸವೇಶ್ವರನಗರದ ಬಾಡಿಗೆ ಮನೆಯೊಂದರ ಏಕೈಕ ನಿವಾಸಿಯಾದ ನಾನು, ಸ್ವಸ್ಥಚಿತ್ತದಿಂದ, ಯಾರ ಬೆದರಿಕೆಗೂ ಆಮಿಷಕ್ಕೂ ಒಳಗಾಗದೆ, ಈ ದಿನಚರಿಯ ಸಮಕ್ಷಮ ಒಪ್ಪಿಕೊಳ್ಳುವುದೇನೆಂದರೆ: ಇಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಾನು ಒಬ್ಬ ನಿವೃತ್ತ ಗಣಿತದ ಮೇಷ್ಟರನ್ನು ಎತ್ತಿಬಿಟ್ಟೆ. ಬಳಸಿದ ಆಯುಧ, ಡಿಲೀಟ್ ಗುಂಡಿ. ಸಾಕ್ಷಿಗಳಿಲ್ಲ. ಗೋವಿಂದರಾಜನಗರದಲ್ಲಿ ಟಿವಿ ತಂತಿಯಲ್ಲೇ ಇಂಟರ್ನೆಟ್ ಹರಿಸುವ ನಮ್ಮ ಪ್ರಯೋಗಕ್ಕೆ ಆರಿಸಿದ್ದ ನಲವತ್ತು ಮನೆಗಳ ಪಟ್ಟಿಯಲ್ಲಿ ಕೊನೆಯ ಹೆಸರು ಹನುಮಯ್ಯ ಮೇಷ್ಟರದು. ಅದನ್ನು ಅಳಿಸಿ ಅಲ್ಲಿ ಲಕ್ಷ್ಮಿದೇವಮ್ಮ ಎಂದು ಬರೆದೆ. ಆಕೆ ನನ್ನ ಅತ್ತೆ. ನವೆಂಬರ್ ಒಂಬತ್ತರವರೆಗೆ ಅತ್ತೆ. ಅಂದು ನ್ಯಾಯಾಲಯದಲ್ಲಿ ನಾನೂ ನನ್ನ ಹೆಂಡತಿ ಕುಸುಮಳೂ ಎರಡನೆಯ ಸಲ ‘ಒಪ್ಪಿಗೆ’ ಎಂದರೆ ಆಮೇಲೆ ಆಕೆ ಯಾರೋ ಒಬ್ಬ ಗ್ರಾಹಕಿ.

ಪರಸ್ಪರ ಒಪ್ಪಿಗೆಯ ವಿಚ್ಛೇದನಕ್ಕೆ ಆರು ತಿಂಗಳು ಕಾಯಿಸುತ್ತಾರೆ, ಮನಸ್ಸು ಬದಲಾದೀತೆಂದು. ನಾಲ್ಕು ಕಳೆದಿದೆ. ಬದಲಾಗಿರುವುದು ಊಟದ ಮೆಸ್ಸು ಮಾತ್ರ.

ಅತ್ತೆಯ ಮನೆಯನ್ನು ಸೇರಿಸಿದ್ದು ಶುದ್ಧ ತಾಂತ್ರಿಕ ಕಾರಣಕ್ಕೆ ಎಂದು ಕಚೇರಿಯಲ್ಲಿ ಹೇಳಿದ್ದೇನೆ. ಆ ಮನೆ ತಂತಿಯ ಕಟ್ಟಕಡೆಯಲ್ಲಿದೆ. ಕಡೆಯ ಮನೆಯ ಮಾತು ಕೇಳಿಸಿದರೆ ಎಲ್ಲರದೂ ಕೇಳಿಸಿದಂತೆ. ಕುಸುಮಾ ಈಗ ಅಲ್ಲಿ ಇದ್ದಾಳೆಂಬುದು ಕಾಕತಾಳೀಯ. ಕಾಗೆಯೂ ನಾನೇ, ತಾಳೆಯೂ ನಾನೇ.

೨೦ ಸೆಪ್ಟೆಂಬರ್

ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ನಮ್ಮ ಶೆಡ್ಡಿಗೆ ಎಡಕ್ಕೆ ಲೇತ್, ಬಲಕ್ಕೆ ಊದುಬತ್ತಿ. ಶಬ್ದ ಒಂದು ಕಡೆಯಿಂದ, ಗಂಧ ಇನ್ನೊಂದು ಕಡೆಯಿಂದ; ನಡುವೆ ನಾವು ನಾಲ್ವರು ಎಂಜಿನಿಯರುಗಳು. ಇವತ್ತು ಕೇಬಲ್ ಮರಿಯಪ್ಪನವರಿಗೆ ನಮ್ಮ ವಿದ್ಯೆ ವಿವರಿಸಿದೆ. ಗೋವಿಂದರಾಜನಗರದ ಅರ್ಧ ಭಾಗಕ್ಕೆ ಟಿವಿ ತಂತಿ ಎಳೆದವರು ಅವರೇ. ಅದಕ್ಕೂ ಮುಂಚೆ ಅದೇ ನೆಲದಲ್ಲಿ ಅವರ ತಂದೆ ರಾಗಿ ಬೆಳೆದಿದ್ದರು.

ಟಿವಿ ತಂತಿಯಲ್ಲಿ ಮನೆಯೊಳಕ್ಕೆ ಬರುವ ದಾರಿ ರಾಜಮಾರ್ಗ, ಮನೆಯಿಂದ ಹೊರಕ್ಕೆ ಹೋಗುವ ದಾರಿ ಸಂದಿ. ಇಂಟರ್ನೆಟ್ಟಿಗೆ ಎರಡೂ ಬೇಕು. ಆ ಸಂದಿಯಲ್ಲಿ ಇಷ್ಟು ದಿನ ಮನೆಗಳು ನ್ಯಾಯಬೆಲೆ ಅಂಗಡಿಯ ಸಾಲಿನಂತೆ ಒಂದಾದ ಮೇಲೊಂದು ಮಾತಾಡಬೇಕಿತ್ತು. ಮೊಬೈಲಿನವರು ಗಾಳಿಯಲ್ಲಿ ಇಂಥ ಸಾಲನ್ನು ಎಂದೋ ಮುರಿದಿದ್ದಾರೆ. ಎಲ್ಲರೂ ಒಟ್ಟಿಗೇ ಮಾತಾಡಲಿ, ಒಬ್ಬೊಬ್ಬರಿಗೂ ಒಂದೊಂದು ಗುಟ್ಟಿನ ಧಾಟಿ ಇರಲಿ, ಆ ಧಾಟಿ ಗೊತ್ತಿರುವ ಕಿವಿ ತನಗೆ ಬೇಕಾದವರನ್ನು ಹೆಕ್ಕಿಕೊಳ್ಳಲಿ. ಗಾಳಿಯ ಆ ವಿದ್ಯೆಯನ್ನು ತಂತಿಗೆ ಇಳಿಸುವುದು ನಮ್ಮ ಕಸುಬು.

“ಬೆಳಿಗ್ಗೆ ಸೊಪ್ಪಿನೋಳು, ಹೂವಿನೋನು, ಹಳೇ ಪೇಪರಿನೋನು ಒಟ್ಟಿಗೇ ಕೂಗ್ತಾರಲ್ಲ ಸಾರ್, ನಿಮ್ಮ ಮನೇಲಿ ಸೊಪ್ಪಿನ ಕೂಗು ಮಾತ್ರ ಕೇಳಿಸ್ಕೊಂಡು ಬಾಗಿಲು ತೆಗೆಯಲ್ವಾ? ಹಂಗೆ” ಎಂದೆ.

“ನಮ್ಮನೆಯೋಳು ಕೇಳಿಸ್ಕೋತಾಳೆ. ನಂಗೆ ಮೂರೂ ಗಲಾಟೆನೇ” ಎಂದರು ಮರಿಯಪ್ಪ. “ಆದ್ರೂ ಗಿರಿ ಸಾರ್, ನಲವತ್ತು ಬಾಯಿ ಒಟ್ಟಿಗೆ ಬಿಟ್ರೆ ಅದು ಕಾರ್ಪೊರೇಷನ್ ಮೀಟಿಂಗ್ ಆಗಲ್ವಾ?”

ಆಗುವುದಿಲ್ಲ. ನಲವತ್ತು ಬಾಯಿಯಲ್ಲಿ ಒಂದನ್ನು ಹೆಕ್ಕುವವನು ನಾನು.

ನಿಸ್ತಂತುವಿನ ವಿದ್ಯೆ ತಂತಿಗೆ! ಮದುವೆಯ ಮಂತ್ರದಲ್ಲಿ ತಾಳಿಯನ್ನೂ ತಂತು ಎನ್ನುತ್ತಾರೆ. ಆ ಲೆಕ್ಕದಲ್ಲಿ ನವೆಂಬರಿನಿಂದ ನಾನೂ ನಿಸ್ತಂತುವೇ.

೨೮ ಸೆಪ್ಟೆಂಬರ್

ಲೈನ್‌ಮನ್ ಯಲ್ಲಪ್ಪ ಇವತ್ತು ನಲವತ್ತನೆಯ ಮನೆಗೂ ನಮ್ಮ ಇಂಟರ್ನೆಟ್ ಪೆಟ್ಟಿಗೆ ಕೂರಿಸಿದ. ಬಾಗಲಕೋಟೆ ಕಡೆಯವನು, ಐವತ್ತರ ಆಸುಪಾಸು. ಕಂಬ ಹತ್ತಿದರೆ ಇಳಿಯುವವರೆಗೆ ಮಾತಾಡುವುದಿಲ್ಲ, ಇಳಿದ ಮೇಲೆ ನಿಲ್ಲಿಸುವುದಿಲ್ಲ.

“ಅಮ್ಮಾರು ಚಾ ಕೊಟ್ರು ಸಾಹೇಬ್ರ. ಮಗಳು ಬ್ಯಾಂಕಿನ್ಯಾಗ ಅದಾರಂತ. ಭಾಳ ಸಣ್ಣ ದನಿ. ಗಂಡ ಎಲ್ಲಿರ್ತಾನಂತ ಕೇಳಲಿಲ್ಲ ಬಿಡ್ರಿ, ಮನಿ ನೋಡಿದ್ರ ತಿಳೀತದ.”

ಅದೇನು ತಿಳಿಯಿತೋ ಕೇಳಬಹುದಿತ್ತು. ಕೇಳಲಿಲ್ಲ.

ಕುಸುಮಾ ಹೋದ ದಿನದ ಕಥೆ ನನ್ನ ಅತ್ಯುತ್ತಮ ನಗೆಹನಿ. ಗೆಳೆಯರ ನಡುವೆ ಮೂರು ಸಲ ಹೇಳಿ ಮೂರು ಸಲವೂ ನಗಿಸಿದ್ದೇನೆ. ಕಳೆದ ವರ್ಷ, ಅವಳ ತಂದೆ ತೀರಿಕೊಂಡ ಎರಡು ತಿಂಗಳಿಗೆ, ಒಂದು ಭಾನುವಾರ ನಾನು ಲ್ಯಾಪ್‌ಟಾಪಿನಲ್ಲಿ ಮುಳುಗಿದ್ದೆ. ಅವಳು ಬಾಗಿಲಲ್ಲಿ ನಿಂತು, “ರೀ, ನಾನು ಅಮ್ಮನ ಮನೆಗೆ ಹೋಗ್ತಾ ಇದೀನಿ. ಇನ್ನು ಬರಲ್ಲ” ಎಂದಳಂತೆ. “ಹ್ಞೂಂ, ಬರ್ತಾ ಅರ್ಧ ಲೀಟರ್ ಮೊಸರು ತಗೊಂಡ್ ಬಾ” ಎಂದೆನಂತೆ ನಾನು.

ಇಲ್ಲಿ ಬರೆದಾಗ ಅಷ್ಟೊಂದು ನಗು ಬರುತ್ತಿಲ್ಲ. ಹೇಳುವ ಧಾಟಿಯ ಮೇಲೆ ಹೋಗುತ್ತದೆ.

೩ ಅಕ್ಟೋಬರ್

ಕಚೇರಿಯ ಪರದೆಯ ಮೇಲೆ ನಲವತ್ತು ಚೌಕಗಳು. ಮನೆಯ ಪೆಟ್ಟಿಗೆ ಮಾತಾಡಿದಾಗ ಅದರ ಚೌಕ ಹಸಿರಾಗುತ್ತದೆ. ಏನು ಮಾತಾಡಿತು ಎಂಬುದು ಕಾಣುವುದಿಲ್ಲ, ಎಷ್ಟು ಎಂಬುದಷ್ಟೇ. ನಲವತ್ತನೆಯದು ಸಂಜೆ ಆರೂ ನಲವತ್ತಕ್ಕೆ ಹಸಿರಾಯಿತು. ಬ್ಯಾಂಕಿನಿಂದ ಬಂದಳು. ಏಳೂ ಹತ್ತಕ್ಕೆ ಆರಿತು. ಊಟಕ್ಕೆ ಕೂತಳು.

ಉಳಿದ ಮೂವತ್ತೊಂಬತ್ತು ಮನೆಯವರು ಊಟ ಮಾಡಿದರೋ ಇಲ್ಲವೋ ನನಗೆ ತಿಳಿಯದು.

೪ ಅಕ್ಟೋಬರ್

ಆರೂ ನಲವತ್ತೈದು. ಏಳೂ ಐದು.

೧೧ ಅಕ್ಟೋಬರ್, ಆಯುಧಪೂಜೆ

ರಜೆಯಾದರೂ ಕಚೇರಿಗೆ ಹೋಗಿ ಪರದೆಯ ಮುಂದೆ ಕೂತಿದ್ದೆ. ಹಗಲು ಹನ್ನೆರಡಕ್ಕೆ ನಲವತ್ತು ಚೌಕಗಳೂ ಒಟ್ಟಿಗೇ ಸತ್ತವು. ಸಿಡಿಲು ಬಡಿದಿದೆಯೆಂದುಕೊಂಡು ಗೋವಿಂದರಾಜನಗರಕ್ಕೆ ಓಡಿದೆ. ಮರಿಯಪ್ಪನವರ ತಾರಸಿಯ ಕಂಟ್ರೋಲ್ ರೂಮಿನಲ್ಲಿ ಏಣಿ, ಇಕ್ಕಳ, ಟೆಸ್ಟರುಗಳ ಪಕ್ಕದಲ್ಲಿ ನಮ್ಮ ಮುಖ್ಯ ಪೆಟ್ಟಿಗೆಯೂ ಕೂತಿತ್ತು. ತಂತಿಗಳನ್ನೆಲ್ಲ ಬಿಚ್ಚಿ, ಒರೆಸಿ, ವಿಭೂತಿಯ ಮೂರು ಪಟ್ಟೆ ಬಳಿದು, ಚೆಂಡುಹೂವಿನ ಹಾರ ಹಾಕಿ ಕೂರಿಸಿದ್ದರು. ಕುಂಬಳಕಾಯಿಯೂ ಒಡೆದಾಗಿತ್ತು.

“ಟಿವಿ ಪೆಟ್ಟಿಗೆ ಆಫ್ ಮಾಡಿದ್ರೆ ಜನ ಹೊಡೀತಾರೆ, ಅದಕ್ಕೆ ದೂರದಿಂದ ಕುಂಕುಮ ಇಟ್ವಿ” ಎಂದರು ಮರಿಯಪ್ಪ. “ನಿಮ್ಮದು ಹೊಸಾ ಆಯುಧ ಅಲ್ವಾ ಸಾರ್, ಶಾಸ್ತ್ರವಾಗಿ ಮಾಡಿದೀವಿ. ನಾಳೆ ಬೆಳಿಗ್ಗೆವರ್ಗೂ ಮುಟ್ಟಂಗಿಲ್ಲ.”

“ಒಂದು ಸ್ವಿಚ್ ಹಾಕಿ ಸಾರ್, ಸಾಕು.”

“ಪೂಜೆಗಿಟ್ಟ ಆಯುಧ ಎತ್ತಿದ್ರೆ ವರ್ಷವೆಲ್ಲ ಜಗಳ ಅಂತೆ. ನೀವೇನ್ ಹೇಳಿದ್ರೂ ಇಲ್ಲ.”

ವಿಚ್ಛೇದನ ಕೇಳಿದ್ದೆ, ಇದು ಸ್ವಿಚ್ಛೇದನ. ಕಚೇರಿಗೆ ರಜೆಯಾದ್ದರಿಂದ ದೂರಿನ ಕರೆಗಳು ನನ್ನ ಮೊಬೈಲಿಗೇ ಬರುತ್ತಿದ್ದವು. ಮೂರು ಗಂಟೆಗೆ ಆರನೆಯ ಕರೆ.

“ಹಲೋ, ಕಂಪ್ಲೇಂಟಾ? ನಲವತ್ತನೇ ನಂಬರ್ ಮನೆಯಿಂದ. ನೆಟ್ ಬರ್ತಾ ಇಲ್ಲ.”

ಒಮ್ಮೆ ಕೆಮ್ಮಿ ದನಿಯನ್ನು ದಪ್ಪ ಮಾಡಿಕೊಂಡೆ. “ಮೇಡಂ, ಪೆಟ್ಟಿಗೆ ಮೇಲೆ ಎಷ್ಟು ದೀಪ ಉರೀತಾ ಇದೆ?”

“ಒಂದು. ಅದೂ ಮಿಣುಕ್ತಾ ಇದೆ... ರೀ, ನೀವಾ?”

“ಯಾವ ರೀ ಮೇಡಂ?”

“ದನಿ ಬದಲಾಯಿಸಿದ್ರೂ ಆ ಕೆಮ್ಮು ಬದಲಾಗಲ್ಲ. ಇರ್ಲಿ. ನಂಗೆ ರಾಯಚೂರಿಗೆ ಟ್ರಾನ್ಸ್‌ಫರ್ ಬಂದಿದೆ. ಹೋಗ್ತೀನಾ ಇಲ್ವಾ ಅಂತ ನಾಡಿದ್ದು ಬ್ಯಾಂಕ್ ತೆಗೆಯೋ ಹೊತ್ತಿಗೆ ಹೆಡ್ ಆಫೀಸಿಗೆ ಮೇಲ್ ಮಾಡ್ಬೇಕು. ನಂಗೇ ತಿಳೀತಿಲ್ಲ, ಅದಕ್ಕೇ...”

“ನಾಳೆ ಬೆಳಿಗ್ಗೆ ಸರಿಹೋಗುತ್ತೆ. ಏನಾಗಿದೆ ಗೊತ್ತಾ? ಮರಿಯಪ್ಪ ಮುಖ್ಯ ಪೆಟ್ಟಿಗೆನ ಪೂಜೆಗೆ ಇಟ್ಬಿಟ್ಟಿದಾರೆ! ಅದೇ ಎಲ್ಲರಿಗೂ ತಾಳ ಹಾಕೋದು. ದೂರದ ಮನೆ ಒಂಚೂರು ಮುಂಚೆ ಶುರು ಮಾಡ್ಬೇಕು, ಹತ್ತಿರದ್ದು ಆಮೇಲೆ, ಆಗ ಎಲ್ಲರ ದನಿನೂ ಒಂದೇ ತಾಳಕ್ಕೆ ಬಂದು ಬೀಳುತ್ತೆ, ಭಜನೆ ಥರ. ತಾಳನೇ ಇಲ್ದಿದ್ರೆ...”

“ರೀ. ನಾನು ರಾಯಚೂರು ಅಂದೆ.”

“ಕೇಳಿಸ್ತು. ರಾಯರು ಹೋದ್ರೂ ಬಿಸಿಲಿಗೆ ಚೂರು ಚೂರು, ಅದಕ್ಕೇ ರಾಯಚೂರು.”

ನಕ್ಕಳೆಂದೇ ನನ್ನ ಅಂದಾಜು. ಮೂಗಿನಿಂದ ಸಣ್ಣದೊಂದು ಶಬ್ದ ಬಂತು. ಆಮೇಲೆ, “ನಿಮ್ಮ ಹತ್ರ ಒಂದೇ ಒಂದು ಕೇಳ್ತೀನಿ. ಒಂದು ಸಲ, ನಡುವೆ ಬಾಯಿ ಹಾಕ್ದೆ, ನಾನು ಹೇಳೋದು ಮುಗಿಯೋವರೆಗೆ ಸುಮ್ನಿರ್ತೀರಾ?”

“ಖಂಡಿತ! ಬಾಯಿ ಹಾಕೋ ಅಭ್ಯಾಸ ನಂಗೆ ಯಾವತ್ತು...”

ಇಟ್ಟುಬಿಟ್ಟಳು. ಅಥವಾ ಲೈನ್ ಕಟ್ಟಾಯಿತು. ಎರಡಕ್ಕೂ ಶಬ್ದ ಒಂದೇ.

೧೨ ಅಕ್ಟೋಬರ್

ಬೆಳಿಗ್ಗೆ ಏಳಕ್ಕೆ ಮರಿಯಪ್ಪ ಸ್ವಿಚ್ ಹಾಕಿದರು. ಎಂಟಕ್ಕೆ ನಲವತ್ತನೆಯದು ಹಸಿರಾಯಿತು, ತೀರ ಸಣ್ಣ ಮಾತು. ಎರಡು ಸಾಲಿನ ಪತ್ರವೊಂದು ಹೋಗುವಷ್ಟು. ‘ಹೋಗುತ್ತೇನೆ’ ಎಂದಳೇ, ‘ಇಲ್ಲ’ ಎಂದಳೇ? ಎರಡಕ್ಕೂ ಇಷ್ಟೇ ಜಾಗ ಸಾಕು.

ರಾಜಾಜಿನಗರದಲ್ಲಿ ರಾಜನಿದ್ದಾನೆ, ಜೀ ಇದೆ, ರಾಜಿ ಇಲ್ಲ. ಇದನ್ನು ಯಾರಿಗಾದರೂ ಹೇಳಬೇಕೆನಿಸಿತು. ಲೇತಿನವನಿಗೆ ಹೇಳಿದೆ. ಅವನಿಗೆ ಕೇಳಿಸಲಿಲ್ಲ.

೨೫ ಅಕ್ಟೋಬರ್

ಮೂರು ದಿನ ಮಳೆ. ತಂತಿಯೊಳಗೆ ಎಲ್ಲಿಂದಲೋ ಕೊಳಕು ಶಬ್ದ ನುಗ್ಗಿ ನಲವತ್ತೂ ಮನೆಗಳ ದನಿಯನ್ನು ಮುಚ್ಚುತ್ತಿದೆ. ಅದನ್ನು ಹಿಡಿಯಲು ಒಂದೇ ಉಪಾಯ: ಕೊಂಬೆ ಕೊಂಬೆಯಾಗಿ ತಂತಿ ಬಿಚ್ಚುತ್ತ ಹೋಗುವುದು, ಯಾವುದನ್ನು ಬಿಚ್ಚಿದಾಗ ಶಬ್ದ ನಿಲ್ಲುತ್ತದೆಯೋ ನೋಡುವುದು. ಯಲ್ಲಪ್ಪ ಕಂಬದ ಮೇಲೆ, ನಾನು ಕೊಡೆಯ ಕೆಳಗೆ.

ಸಂಜೆ ನಾಲ್ಕಕ್ಕೆ ಕೊನೆಯ ಕಂಬದಿಂದ ಇಳಿದು ಬಂದ.

“ಸಿಕ್ತು ಸಾಹೇಬ್ರ. ಚಾ ಕೊಟ್ಟ ಅಮ್ಮಾರ ಮನಿ.”

ಕುಸುಮಾ ಬ್ಯಾಂಕಿನಲ್ಲಿದ್ದಳು. ಹದಿನೆಂಟು ತಿಂಗಳ ಮೇಲೆ ಆ ಹೊಸ್ತಿಲು ದಾಟಿದೆ. ಅತ್ತೆ “ಬನ್ನಿ” ಎಂದರು. ‘ಅಳಿಯಂದ್ರೇ’ ಎಂಬ ಬಾಲ ಕತ್ತರಿಸಿತ್ತು. ತಂತಿಯ ಜಾಡು ಹಿಡಿದು ಒಳಕೋಣೆಗೆ ಹೋದೆ. ಮಾವನವರ ಕೋಣೆ. ಟಿವಿ ಇರಲಿಲ್ಲ, ಮಂಚ ಇರಲಿಲ್ಲ. ಗೋಡೆಯ ಮೇಲೆ ಟಿವಿ ಇದ್ದಷ್ಟು ಬಿಳಿ ಚೌಕ. ಅದರ ಪಕ್ಕದಲ್ಲಿ ತಂತಿಯ ತುದಿ, ಬಾಯಿ ತೆರೆದುಕೊಂಡು ನೇತಾಡುತ್ತಿತ್ತು. ಹಾಗೆ ತೆರೆದ ತುದಿ ಊರಿನ ಗದ್ದಲವನ್ನೆಲ್ಲ ಒಳಕ್ಕೆ ಎಳೆದುಕೊಳ್ಳುತ್ತದೆ. ಒದ್ದೆ ಗೋಡೆ ಬೇರೆ.

“ಇದನ್ನ ತೆಗೆದುಬಿಡಬಹುದಿತ್ತಲ್ಲ ಅತ್ತೆ.”

“ಅವಳು ಬಿಡ್ಲಿಲ್ಲ. ಅಪ್ಪ ಕೊನೇವರೆಗೂ ನೋಡಿದ್ದು ಅಂತ. ಅವರು ಹೋದ್ಮೇಲೆ ಅವಳಿಗೆ ನಿದ್ದೆನೇ ಬರ್ತಿರ್ಲಿಲ್ಲ. ನಿಮ್ಮ ಹತ್ರ ಹೇಳಿದ್ಲಂತಲ್ಲ?”

ನಾನು ತಂತಿಯ ತುದಿ ನೋಡಿದೆ.

“ಹೇಳಿದ್ಲಂತೆ. ಬಹಳ ಸಲ” ಎಂದರು ಅತ್ತೆ. “ಕಾಫಿ ಕುಡೀತೀರಾ?”

ಬೆರಳ ಉಗುರಿನಷ್ಟು ಹಿತ್ತಾಳೆಯ ಮುಚ್ಚಳವೊಂದಿರುತ್ತದೆ. ತಂತಿಯನ್ನು ಕೀಳದೆ, ತುದಿಗೆ ಅದನ್ನು ತಿರುಗಿಸಿ ಕೂರಿಸಿದೆ. ಗದ್ದಲ ನಿಂತಿತು. ಕಾಫಿ ಕುಡಿದೆ. ಈ ಮುಚ್ಚಳದ ಬಗ್ಗೆ ಒಂದು ಒಳ್ಳೆಯ ಶ್ಲೇಷೆ ಇದೆ. ಬೇಡ.

೧ ನವೆಂಬರ್, ದೀಪಾವಳಿ

ಪರದೆಯಲ್ಲಿ ನಲವತ್ತನೆಯ ಚೌಕ ಕಾಣದಂತೆ ಅದರ ಮೇಲೆ ಒಂದು ಹಳದಿ ಚೀಟಿ ಅಂಟಿಸಿದ್ದೇನೆ. ಕೆಟ್ಟರೆ ಯಲ್ಲಪ್ಪ ಹೇಳುತ್ತಾನೆ. ಹನುಮಯ್ಯ ಮೇಷ್ಟರಿಗೂ ಒಂದು ಪೆಟ್ಟಿಗೆ ಕೊಟ್ಟು ಬಂದೆ, ನಲವತ್ತೊಂದನೆಯವರು. ಮೇಷ್ಟರು ಲೆಕ್ಕದ ಒಗಟೊಂದು ಕೇಳಿ, ನಾನು ಉತ್ತರ ಹೇಳಹೊರಟರೆ, “ಪ್ರಶ್ನೆ ಇನ್ನೂ ಮುಗಿದಿಲ್ಲ ಕಣಪ್ಪ” ಎಂದರು.

೭ ನವೆಂಬರ್

ಗೆದ್ದೆವು. ಹಗಲು ಹನ್ನೊಂದಕ್ಕೆ ನಲವತ್ತೊಂದು ಮನೆಯವರೂ ಒಂದೇ ಹೊತ್ತಿಗೆ ತಂತಮ್ಮ ಆಯ್ಕೆಯ ಒಂದೊಂದು ಫೋಟೋ ಕಳಿಸಿದರು, ಅದೇ ಸಂದಿಯಲ್ಲಿ, ಸಾಲಿಲ್ಲದೆ. ಮರಿಯಪ್ಪನವರ ತಾರಸಿಯಲ್ಲಿ ನಲವತ್ತೊಂದೂ ಬೇರೆ ಬೇರೆಯಾಗಿ, ಒಂದು ಚುಕ್ಕೆಯೂ ಕೆಡದೆ ಬಂದು ಕೂತವು.

“ಗಾಳಿ ವಿದ್ಯೆ ತಂತಿಗೆ ಹತ್ತಲ್ಲ ಅಂದಿದ್ರಲ್ಲ ಸಾರ್ ಎಲ್ಲಾರೂ, ಈಗ ಕರೀರಿ ಅವರನ್ನ!” ಎಂದು ಮರಿಯಪ್ಪ ಇನ್ನೊಂದು ಕುಂಬಳಕಾಯಿ ತರಿಸಲು ಹೊರಟರು. ಫೋಟೋಗಳನ್ನು ಎಲ್ಲರೂ ತೆರೆತೆರೆದು ನೋಡಿದರು. ನಾಯಿ, ಮೊಮ್ಮಗು, ಹೊಸ ಸ್ಕೂಟರ್. ನಲವತ್ತನೆಯದನ್ನು ನಾನು ತೆರೆಯಲಿಲ್ಲ, ತೆರೆಯಲು ಬಿಡಲೂ ಇಲ್ಲ. ತಲುಪಿಸುವುದು ನನ್ನ ಕೆಲಸ.

ನಾಡಿದ್ದಿನ ಬಗ್ಗೆ ನಿರ್ಧಾರ ಮಾಡಿದ್ದೇನೆ. ಅವಳಿಗೆ ಮುಗಿಸುವ ಇಷ್ಟವಿದ್ದರೆ ಮುಗಿಸುತ್ತೇನೆ. ಒಂದು ಕೂದಲೆಳೆಯಷ್ಟು ಹಿಂಜರಿಕೆ ಅವಳ ಮಾತಿನಲ್ಲಿ ಕಂಡರೂ, “ನನಗೆ ಒಪ್ಪಿಗೆ ಇಲ್ಲ” ಎಂದುಬಿಡುತ್ತೇನೆ. ಅವಳು ಕೇಳಿದ್ದು ಒಂದೇ, ಮಾತು ಮುಗಿಯುವವರೆಗೆ ಬಾಯಿ ಹಾಕಬಾರದೆಂದು. ಅದನ್ನಾದರೂ ಕೊಡುತ್ತೇನೆ.

೯ ನವೆಂಬರ್

ಮುಗಿಯಿತು.

ಒಂದು ಮಾತು ಮಾತ್ರ ಹೆಮ್ಮೆಯಿಂದ ಬರೆದಿಡುತ್ತೇನೆ. ಏಳು ವರ್ಷಗಳ ದಾಂಪತ್ಯದಲ್ಲಿ ಮೊದಲ ಬಾರಿಗೆ, ಕುಸುಮಾ ಮಾತಾಡುತ್ತಿದ್ದಷ್ಟು ಹೊತ್ತು, ನಾಲ್ಕು ನಿಮಿಷ ಹದಿನೈದು ಸೆಕೆಂಡು, ನಾನು ನಡುವೆ ಬಾಯಿ ಹಾಕಲಿಲ್ಲ. ಕೆಮ್ಮಲೂ ಇಲ್ಲ.

ನ್ಯಾಯಾಧೀಶರ ಕೊಠಡಿಯಲ್ಲಿ ನಾವಿಬ್ಬರೇ, ಅಕ್ಕಪಕ್ಕ, ಹಿಂದೆ ವಕೀಲರು. ನ್ಯಾಯಾಧೀಶರು ವಯಸ್ಸಾದ ಹೆಂಗಸು. “ನೀವು ಹೇಳಮ್ಮ” ಎಂದು ಮೊದಲು ಅವಳನ್ನು ಕೇಳಿದರು. ಅವಳು ಹೇಳಿದಳು, ತನ್ನ ಸಣ್ಣ ದನಿಯಲ್ಲಿ. ನಾನು ಕೈಕಟ್ಟಿ ಕೂತಿದ್ದೆ.

“ಇವರು ಹೇಳಿದ್ದು ಕೇಳಿದ್ರಲ್ಲ, ನೀವೇನಂತೀರಿ?” ಎಂದು ನನ್ನತ್ತ ತಿರುಗಿದರು.

ಮುಂದಿನ ವಾರ ಅವಳು ರಾಯಚೂರಿಗೆ ಹೊರಡುತ್ತಾಳೆಂದು ನನ್ನ ವಕೀಲರು ಮೊದಲೇ ಹೇಳಿದ್ದರು. ಹೊರಟವಳನ್ನು ಹಿಡಿದಿಡುವುದು ಬೇಡ. “ಇನ್ನು ಕಾಯೋದೇನೂ ಬೇಡ ಮೇಡಂ. ಅವರ ಇಷ್ಟದಂತೆ ಇವತ್ತೇ ಆಗ್ಲಿ” ಎಂದೆ. ಶ್ಲೇಷೆಯಿಲ್ಲದೆ, ನೇರವಾಗಿ.

ನ್ಯಾಯಾಧೀಶರು ಕನ್ನಡಕ ತೆಗೆದು ನನ್ನನ್ನು ಒಂದು ಗಳಿಗೆ ನೋಡಿದರು. ಇಷ್ಟು ಚೊಕ್ಕವಾಗಿ ಮಾತಾಡುವ ಗಂಡಂದಿರು ಅವರಿಗೆ ಅಪರೂಪವಿರಬೇಕು. “ಹಾಗಾದ್ರೆ ಏನಮ್ಮ?” ಎಂದು ಅವಳನ್ನು ಮತ್ತೆ ಕೇಳಿದರು.

“ಆಗ್ಲಿ ಮೇಡಂ” ಎಂದಳು. ಪೆನ್ನು ಬರೆಯಲಿಲ್ಲ, ನನ್ನದು ಕೊಟ್ಟೆ. ಸಹಿ ಮಾಡಿ, ಮುಚ್ಚಳ ಹಾಕಿ, ಮೇಜಿನ ಮೇಲಿಟ್ಟು ಹೋದಳು.

ಮೆಟ್ಟಿಲ ಬಳಿ ತಿರುಗಿ ನೋಡಿದಳು. ನಾನು ತಲೆ ಆಡಿಸಿದೆ, ‘ನೋಡಿದೆಯಾ, ಸುಮ್ಮನಿದ್ದೆ’ ಎನ್ನುವ ಹಾಗೆ.

೧೨ ನವೆಂಬರ್

ಯಲ್ಲಪ್ಪ ನಲವತ್ತನೆಯ ಮನೆಯ ಪೆಟ್ಟಿಗೆ ಬಿಚ್ಚಿಕೊಂಡು ಬಂದ. ಅಮ್ಮನೂ ಮಗಳ ಜೊತೆ ಹೊರಡುತ್ತಿದ್ದಾರಂತೆ. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟವನು ಹೋಗದೆ ನಿಂತ.

“ಸಾಹೇಬ್ರ, ಅದು ನಿಮ್ಮ ಅತ್ತಿ ಮನಿ ಅಂತ ಮೊದಲ ಹೇಳಬೇಕಿತ್ತಲ್ರಿ.”

“ಹೇಳ್ಬೇಕಿತ್ತು.”

“ಆ ಅಮ್ಮಾರು ನಿಮ್ಮನ್ನ ಒಂದ್ ಮಾತ ಕೇಳಂದ್ರು. ಮಗಳು ಜಡ್ಜ್ ಮುಂದ ಒಂದ್ ತಿಂಗಳು ವ್ಯಾಳೆ ಕೇಳಿದ್ಲಂತ. ಇನ್ನೊಮ್ಮೆ ಕೂಡಿ ಇದ್ದು ನೋಡ್ತೀವಿ, ಇವರು ಬಂದು ನಮ್ಮಪ್ಪನ ವೈರ್ ಕೀಳದ ಹಂಗೇ ಮುಚ್ಚಿ ಹೋಗ್ಯಾರ, ಅಂತ ಏನೇನೋ ಹೇಳಿದ್ಲಂತ. ಬ್ಯಾಂಕಿಗೂ ಒಂದ್ ತಿಂಗಳು ತಡಾ ಮಾಡಿ ಬರ್ತೀನಂತ ಪತ್ರಾ ಬರದಿದ್ಲಂತ. ಅಷ್ಟು ಕೇಳಿದ ಮ್ಯಾಲೂ ನೀವು ಯಾಕ ಬ್ಯಾಡಂದ್ರಿ, ಅಂತ ಕೇಳ್ಯಾರ.”

ಊದುಬತ್ತಿಯವರ ಕಡೆಯಿಂದ ಗಂಧ ಬರುತ್ತಿತ್ತು. ಲೇತ್ ನಿಂತಿತ್ತು.

“ಏನಂತ ಹೇಳ್ಲಿ ಸಾಹೇಬ್ರ?”

“ಕೇಳಿಸಲಿಲ್ಲ ಅಂತ ಹೇಳು.”

“ಮಗ್ಗಲದಾಗ ಕುಂತಿದ್ರಿ ಅಲ್ರಿ?”

ಕೂತಿದ್ದೆ. ಆ ನಾಲ್ಕು ನಿಮಿಷ ಹದಿನೈದು ಸೆಕೆಂಡಿನಲ್ಲಿ ನನಗೆ ನೆನಪಿರುವುದು ನನ್ನ ಗಡಿಯಾರದ ಸೆಕೆಂಡಿನ ಮುಳ್ಳು, ಮತ್ತೆ ಒಂದು ವಾಕ್ಯ. ‘ಏಳು ವರ್ಷಗಳ ದಾಂಪತ್ಯದಲ್ಲಿ ಮೊದಲ ಬಾರಿಗೆ’ ಎಂದು ಮೊನ್ನೆ ಇಲ್ಲಿ ಬರೆದೆನಲ್ಲ, ಅದನ್ನು ಕೂಡಿಸಿ, ಕಳೆದು, ‘ಕೆಮ್ಮಲೂ ಇಲ್ಲ’ ಎಂದು ಕೊನೆಗೆ ಸೇರಿಸಿ, ನಾನು ಮನಸ್ಸಿನಲ್ಲಿ ತಿದ್ದಿಕೊಳ್ಳುತ್ತಿದ್ದದ್ದು ಅವಳು ಮಾತಾಡುತ್ತಿದ್ದಾಗಲೇ.